ಮೊದಲು ಬೋರ್ಡ್ ಉಜ್ಜು

ಮಗಳೇ,

ಕಾರಿನ ರೂಫ್ ಲೈನಿಂಗ್ ಜೋತುಬಿದ್ದು ಹಿಂದೆ ಕೂತವರ ತಲೆಗೆ ತಾಗುತ್ತಿದೆ, ಸಿರಿಂಜಿನಲ್ಲಿ ಗಮ್ ಬಿಟ್ಟು ಕೈಯಲ್ಲಿ ಒತ್ತಿಬಿಡಲಾ ದೊಡ್ಡಪ್ಪ ಅಂತ ಕೇಳಿದ್ದೀಯ. ಬೇಡ ಕಣಮ್ಮ. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕುಷನ್ ಕೆಲಸದಲ್ಲೇ ನನ್ನ ಆಯುಷ್ಯ ಸವೆದಿದೆ. ಅಂಬಾಸಿಡರ್ ಕಾಲದಿಂದ ಕಾರುಗಳ ಒಳಮೈಯನ್ನು ಹೊಲಿದಿದ್ದೇನೆ, ಅಂಟಿಸಿದ್ದೇನೆ, ಬೇರೆಯವರು ಅಂಟಿಸಿದ್ದನ್ನು ಬಿಚ್ಚಿ ನೋಡಿದ್ದೇನೆ. ಈ ಒಂದು ಕೆಲಸದ ವಿಚಾರದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ರೂಫ್ ಬಾಳಿಕೆ ಬರುವುದು ಬಟ್ಟೆಯ ಬೆಲೆಯಿಂದ ಅಲ್ಲ, ಗಮ್ಮಿನ ಹೆಸರಿನಿಂದಲೂ ಅಲ್ಲ. ಬೋರ್ಡಿನ ಮೇಲಿನ ಹಳೇ ಫೋಮನ್ನು ಎಷ್ಟು ಚೊಕ್ಕವಾಗಿ ಉಜ್ಜಿ ತೆಗೆದಿದ್ದಾರೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಕೆಲಸ ಮುಗಿದ ಮೇಲೆ ಆ ಉಜ್ಜಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೆ ಯಾರೂ ದುಡ್ಡು ಕೊಡುವುದೂ ಇಲ್ಲ. ಹಾಗಾಗಿ ಎಲ್ಲರೂ ಅದನ್ನೇ ಹಾರಿಸಿಬಿಡುತ್ತಾರೆ.

ಮೊದಲು ಅದು ಯಾಕೆ ಬಿತ್ತು ಅಂತ ತಿಳಿದುಕೋ. ನಿನಗೆ ಕಾಣುವುದು ಬಟ್ಟೆ ಮಾತ್ರ. ಅದೂ ಸೇರಿ ಒಟ್ಟು ಮೂರು ಪದರ ಇದೆ. ಎಲ್ಲಕ್ಕಿಂತ ಮೇಲೆ, ತಗಡಿಗೆ ಹತ್ತಿರ, ಅಚ್ಚಿನಲ್ಲಿ ಒತ್ತಿ ಮಾಡಿದ ಬೋರ್ಡು. ಕೆಲವು ಕಾರುಗಳಲ್ಲಿ ಅದು ನಾರು ಒತ್ತಿ ಮಾಡಿದ್ದು, ಕೆಲವದರಲ್ಲಿ ಗಾಜಿನ ನಾರು ಸೇರಿದ್ದು. ಅದರ ಕೆಳಗೆ ಸುಮಾರು 3 ಮಿಲಿಮೀಟರ್ ದಪ್ಪದ ಫೋಮು. ಫೋಮಿನ ಕೆಳಗೆ ತೆಳ್ಳನೆಯ ಹೆಣಿಗೆ ಬಟ್ಟೆ. ಬಟ್ಟೆ ಮತ್ತು ಫೋಮು ಮಿಲ್ಲಿನಿಂದಲೇ ಒಂದಾಗಿ ಬಂದಿರುತ್ತವೆ. ಕಾರು ಮಾಡುವಾಗ ಆ ಜೋಡಿಯನ್ನು ಬೋರ್ಡಿಗೆ ಅಂಟಿಸುತ್ತಾರೆ. ಜೋತುಬಿದ್ದಾಗ ಎಲ್ಲರೂ ಗಮ್ ಬಿಟ್ಟಿತು ಅನ್ನುತ್ತಾರೆ. ಬಹಳ ಸಲ ಗಮ್ ಬಿಟ್ಟಿರುವುದೇ ಇಲ್ಲ. ಬಟ್ಟೆಯೂ ಗಟ್ಟಿಯಾಗಿರುತ್ತದೆ, ಬೋರ್ಡಿನ ಮೇಲಿನ ಗಮ್ಮೂ ಗಟ್ಟಿಯಾಗಿರುತ್ತದೆ. ನಡುವಿನ ಫೋಮು ಜೀವ ಕಳೆದುಕೊಂಡು ಪುಡಿಯಾಗಿರುತ್ತದೆ.

ಆ ಫೋಮು ಪಾಲಿಯುರೆಥೇನ್. ಜರ್ಮನಿಯ ಲೆವರ್ಕೂಸನ್‌ನಲ್ಲಿ ಒಟ್ಟೊ ಬೇಯರ್ ಅನ್ನುವ ರಸಾಯನ ವಿಜ್ಞಾನಿ ಮತ್ತು ಅವರ ಜೊತೆಯವರು 1937ರಲ್ಲಿ ಈ ವಸ್ತುವಿಗೆ ದಾರಿ ಮಾಡಿದರು. ಹಾಸಿಗೆ, ಸೋಫಾ, ಕಾರಿನ ಸೀಟು, ಎಲ್ಲದರೊಳಗೂ ಇವತ್ತು ಅದೇ ಇದೆ. ನನ್ನ ತಟ್ಟೆಗೆ ಅನ್ನ ಬಂದದ್ದೂ ಅದರಿಂದಲೇ, ಅದನ್ನು ತೆಗಳುವುದಿಲ್ಲ. ಆದರೆ ಅದಕ್ಕೆ ಆಯುಸ್ಸು ಇದೆ. ಅದರಲ್ಲಿ ಎರಡು ಜಾತಿ: ಎಸ್ಟರ್ ಜಾತಿಯದನ್ನು ಗಾಳಿಯಲ್ಲಿನ ತೇವ ಒಳಗಿಂದ ಒಡೆಯುತ್ತದೆ. ಈಥರ್ ಜಾತಿಯದು ತೇವಕ್ಕೆ ಜಗ್ಗುವುದಿಲ್ಲ, ಆದರೆ ಬೆಳಕು ಮತ್ತು ಆಮ್ಲಜನಕ ಅದನ್ನು ತಿನ್ನುತ್ತವೆ. ಯಾವ ಜಾತಿಯಾದರೂ ಬಿಸಿಲಿನ ಕಾವು ಸೇರಿದರೆ ಕೆಲಸ ಬೇಗ ಕೆಡುತ್ತದೆ. ಅಟ್ಟದ ಮೇಲೆ ಡಬ್ಬದಲ್ಲಿ ಎತ್ತಿಟ್ಟ ಬೂಟು ವರ್ಷಗಳ ನಂತರ ಹಾಕಿಕೊಂಡ ದಿನವೇ ಅಟ್ಟೆ ಪುಡಿಪುಡಿಯಾಗಿ ಉದುರಿದ್ದನ್ನು ನೀನೂ ನೋಡಿರಬಹುದು. ಅದೂ ಇದೇ ವಸ್ತು, ಅದೇ ಕಾರಣ. ಬಳಸದೆ ಇಟ್ಟರೂ ಅದು ಹಾಳಾಗುತ್ತದೆ.

ಕಾರಿನೊಳಗಿನ ಕಾವು ಎಷ್ಟು ಅನ್ನುವುದನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಅಮೆರಿಕದ ಸ್ಟ್ಯಾನ್‌ಫರ್ಡಿನ ವೈದ್ಯರು ಕಾರಿನಲ್ಲಿ ಬಿಟ್ಟುಹೋದ ಮಕ್ಕಳ ಸಾವಿನ ಕಳವಳದಿಂದ ಬಿಸಿಲಲ್ಲಿ ನಿಂತ ಕಾರುಗಳ ಒಳಗಿನ ಶಾಖ ಅಳೆದು 2005ರಲ್ಲಿ ಪ್ರಕಟಿಸಿದರು. ಒಂದು ಗಂಟೆಯಲ್ಲಿ ಒಳಗಿನ ಗಾಳಿ ಹೊರಗಿಗಿಂತ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು, ಅದರ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ. ಅದು ಗಾಳಿಯ ಶಾಖ. ಸೂರ್ಯನಿಗೆ ನೇರ ಮೈಯೊಡ್ಡಿದ ತಗಡು ಅದಕ್ಕಿಂತ ಬಿಸಿ, ರೂಫಿನ ಫೋಮು ಇರುವುದು ಅದರ ಕೆಳಗೇ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ದಿನಾ ಬಯಲಲ್ಲಿ ನಿಲ್ಲುವ ಕಾರಿನ ಪಾಡು ಯೋಚಿಸು. ಮಂಗಳೂರು, ಕಾರವಾರದ ಕಡೆ ಕಾವಿನ ಜೊತೆಗೆ ಸಮುದ್ರದ ತೇವ. ನಿಮ್ಮಪ್ಪ ಆ ಕಾರನ್ನು ವರ್ಷಾನುಗಟ್ಟಲೆ ಉಡುಪಿಯಲ್ಲಿ ಶೆಡ್ ಇಲ್ಲದೆ ನಿಲ್ಲಿಸಿದ್ದ. ಅದರ ರೂಫ್ ಬಿದ್ದದ್ದರಲ್ಲಿ ಆಶ್ಚರ್ಯ ಏನೂ ಇಲ್ಲ, ಯಾರ ತಪ್ಪೂ ಅಲ್ಲ.

ಈಗ ಸಿರಿಂಜಿನ ಮಾತು. ಬಟ್ಟೆಗೆ ಸೂಜಿ ಚುಚ್ಚಿ ಗಮ್ ಬಿಟ್ಟರೆ ಅದು ಹೋಗಿ ಹಿಡಿದುಕೊಳ್ಳುವುದು ಏನನ್ನು? ಪುಡಿಯನ್ನು. ಸುಣ್ಣ ಉದುರುವ ಗೋಡೆಗೆ ಮೈದಾ ಗೋಂದು ಬಳಿದು ಕ್ಯಾಲೆಂಡರ್ ಹಾಳೆ ಅಂಟಿಸಿದ ಹಾಗೆ. ಹಾಳೆ ಬೀಳುವಾಗ ಗೋಂದು ಸುಣ್ಣವನ್ನು ಹಿಡಿದುಕೊಂಡೇ ಬೀಳುತ್ತದೆ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಸಿರಿಂಜಿನ ಗಮ್ ಬಟ್ಟೆಯ ಮೇಲೆ ಕಪ್ಪು ಕಲೆಯಾಗಿ ಮೂಡುತ್ತದೆ, ಬೋರ್ಡಿನ ಮೇಲೆ ಕಲ್ಲಿನ ಗಂಟಾಗಿ ಒಣಗುತ್ತದೆ. ಆಮೇಲೆ ಸರಿಯಾದ ಕೆಲಸ ಮಾಡಿಸಲು ಹೋದಾಗ ಆ ಗಂಟು ಕೀಳುವಾಗ ಬೋರ್ಡಿನ ಚರ್ಮವೂ ಜೊತೆಗೆ ಕಿತ್ತು ಬರುತ್ತದೆ. ಡಬಲ್ ಟೇಪು, ಸ್ಟೇಪ್ಲರ್ ಪಿನ್ನು ಇವೆಲ್ಲ ಅದೇ ಗೋತ್ರ. ಸುರುಳಿ ಪಿನ್ನು ಮಾತ್ರ ಸ್ವಲ್ಪ ವಾಸಿ: ಬೋರ್ಡಿಗೆ ತಿರುಗಿಸಿ ಚುಚ್ಚಿದರೆ ಬಟ್ಟೆ ಒಂದೆರಡು ತಿಂಗಳು ನಿಲ್ಲುತ್ತದೆ, ಬೋರ್ಡು ಹಾಳಾಗುವುದಿಲ್ಲ. ಕೈಯಲ್ಲಿ ದುಡ್ಡಿಲ್ಲದಿದ್ದರೆ, ಮಳೆಗಾಲ ಮುಗಿಯುವವರೆಗೆ ಕಾಯಬೇಕಿದ್ದರೆ, ಅದನ್ನು ಹಾಕಿಕೋ. ವೈರು ಹೋಗುವ ಜಾಗ ಮತ್ತು ಬಾಗಿಲ ಮೇಲಿನ ಅಂಚು ಬಿಟ್ಟು ಚುಚ್ಚು. ಬಟ್ಟೆ ಹಿಂಬದಿಯ ಗಾಜಿಗೆ ಅಡ್ಡ ಬಂದು ಕನ್ನಡಿಯಲ್ಲಿ ಹಿಂದಿನ ಗಾಡಿ ಕಾಣದಿದ್ದರೆ ಮಾತ್ರ ಒಂದು ದಿನವೂ ತಡಮಾಡಬೇಡ. ಅದು ಅಂದಚೆಂದದ ಮಾತಲ್ಲ, ನಿನ್ನ ಜೀವದ ಮಾತು.

ಇನ್ನೊಂದು ಪ್ರಶ್ನೆ ನಿನ್ನ ಸ್ನೇಹಿತನದು, ಅವನ ತಾತನ ಅಂಬಾಸಿಡರ್ ಬಗ್ಗೆ. ಅದಕ್ಕೆ ಈ ಕಾಗದ ಉಪಯೋಗಕ್ಕೆ ಬರುವುದಿಲ್ಲ ಅಂತ ಹೇಳು. ಹಳೇ ಅಂಬಾಸಿಡರ್, ಫಿಯಟ್‌ಗಳಲ್ಲಿ ಬೋರ್ಡೇ ಇರಲಿಲ್ಲ. ಹೊಲಿದ ಬಟ್ಟೆ ಅಥವಾ ರೆಕ್ಸಿನ್, ಅದರ ಬೆನ್ನಿಗೆ ಅಡ್ಡಡ್ಡ ಮಡಿಕೆ, ಪ್ರತಿ ಮಡಿಕೆಯೊಳಗೆ ಬಾಗಿದ ಒಂದು ಕಂಬಿ, ಕಂಬಿಯ ಎರಡು ತುದಿ ರೂಫಿನ ಎರಡು ಬದಿಯ ತೂತುಗಳಲ್ಲಿ. ಸುತ್ತ ಅಂಚನ್ನು ಎಳೆದು ಅಂಟಿಸಿ ಗಾಜಿನ ರಬ್ಬರಿನ ಒಳಗೆ ಸೇರಿಸಬೇಕು. ಅಲ್ಲಿ ಹಾಳಾಗುವುದು ಹೊಲಿಗೆ, ಸಡಿಲವಾಗುವುದು ಎಳೆತ. ಅದು ಹೊಲಿಗೆ ಬಲ್ಲವನ ಕೆಲಸ, ಗಾಜು ಬಿಚ್ಚುವ ಕೆಲಸ. ಉತ್ತರಪಾರಾದ ಅಂಬಾಸಿಡರ್ ಕಾರ್ಖಾನೆ 2014ರಲ್ಲಿ ನಿಂತಿತು. ಆ ಹೊಲಿಗೆ ಗೊತ್ತಿರುವ ಕೈಗಳು ವರ್ಷ ವರ್ಷ ಕಡಿಮೆಯಾಗುತ್ತಿವೆ. ಅವನು ಒಬ್ಬ ಹಳೇ ಕುಷನ್ ಮೇಸ್ತ್ರಿಯನ್ನು ಹುಡುಕಿಕೊಳ್ಳಲಿ, ಬೇಗ ಹುಡುಕಿಕೊಳ್ಳಲಿ.

ನಿನ್ನ ಕಾರಿಗೆ ಬರೋಣ. ನೀನೇ ಮಾಡಬಹುದಾ ಅಂದರೆ ಮಾಡಬಹುದು. ಎರಡು ದಿನ ಬೇಕು, ಜೊತೆಗೆ ಇನ್ನೊಬ್ಬರು ಬೇಕು, ಕಾರನ್ನು ಬಿಚ್ಚಿಟ್ಟು ನಿಲ್ಲಿಸಲು ಮಳೆ ಬೀಳದ ಜಾಗ ಬೇಕು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬಿಚ್ಚುವುದನ್ನೂ ಉಜ್ಜುವುದನ್ನೂ ಮಾಡು, ಗಮ್ ಹೊಡೆಯುವುದನ್ನು ಅಲ್ಲಿ ಮಾಡಬೇಡ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿಡು, ಹತ್ತು ನಿಮಿಷ ಬಿಟ್ಟು ಕೆಲಸ ಶುರು ಮಾಡು. ಲೈಟಿನ ವೈರಿಗಾಗಿ ಮಾತ್ರ ಅಲ್ಲ, ಏರ್‌ಬ್ಯಾಗಿಗಾಗಿ. ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದೇ 2019ರ ಜುಲೈನಿಂದ, ಹಾಗಾಗಿ ಬಹಳ ಹಳೇ ಕಾರುಗಳಲ್ಲಿ ಏನೂ ಇರುವುದಿಲ್ಲ. ಆದರೆ ಮೇಲ್ದರ್ಜೆಯ ಮಾಡೆಲ್‌ಗಳಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಬಾಗಿಲ ಮೇಲಿನ ಅಂಚಿನಲ್ಲಿ ಪರದೆಯ ಏರ್‌ಬ್ಯಾಗ್ ಕೊಡುತ್ತಿದ್ದರು. ಕಿಟಕಿ ಪಕ್ಕದ ಪಿಲ್ಲರಿನ ಪ್ಲಾಸ್ಟಿಕ್ ಮೇಲೆ ಏರ್‌ಬ್ಯಾಗ್ ಅಂತಲೋ ಎಸ್‌ಆರ್‌ಎಸ್ ಅಂತಲೋ ಅಚ್ಚು ಇದೆಯಾ ನೋಡು. ಇದ್ದರೆ ನೀನು ಕೈ ಹಾಕಬೇಡ, ಬಲ್ಲವರಿಗೆ ಕೊಡು. ಅಪಘಾತವಾದಾಗ ಅದು ಬೋರ್ಡಿನ ಅಂಚನ್ನು ಕೆಳಗೆ ತಳ್ಳಿಕೊಂಡು ಬಿಚ್ಚಿಕೊಳ್ಳಬೇಕು. ಆ ಅಂಚಿಗೆ ಯಾರಾದರೂ ಗಮ್ ಬಳಿದು ತಗಡಿಗೆ ಅಂಟಿಸಿದ್ದರೆ ಅದು ಬಿಚ್ಚಿಕೊಳ್ಳುವುದು ತಡವಾಗುತ್ತದೆ, ಆ ಕ್ಷಣಕ್ಕೆ ಅಷ್ಟು ತಡವೇ ಸಾಕು.

ಬಿಚ್ಚುವುದರಲ್ಲಿ ದೊಡ್ಡ ವಿದ್ಯೆ ಇಲ್ಲ, ತಾಳ್ಮೆ ಇದೆ. ಸನ್ ವೈಸರ್, ಅದರ ಕೊಕ್ಕೆ, ಒಳಗಿನ ಲೈಟು, ಕೈ ಹಿಡಿಯುವ ಹ್ಯಾಂಡಲ್, ಬಟ್ಟೆ ನೇತುಹಾಕುವ ಕೊಕ್ಕೆ, ಆಮೇಲೆ ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್, ಪಿಲ್ಲರಿನ ಪ್ಲಾಸ್ಟಿಕ್. ಹ್ಯಾಂಡಲಿನ ಸ್ಕ್ರೂ ಪುಟ್ಟ ಮುಚ್ಚಳದ ಕೆಳಗೆ ಅಡಗಿರುತ್ತದೆ; ಸ್ಟಾರ್ ಬಿಟ್ ಬೇಕಾಗಬಹುದು, ತಂದಿಟ್ಟುಕೋ. ಹಳೇ ಪ್ಲಾಸ್ಟಿಕ್ಕು ಬಿಸಿಲಿಗೆ ಬಿರುಸಾಗಿರುತ್ತದೆ, ಬೆಳಗಿನ ಚಳಿಯಲ್ಲಿ ಎಳೆದರೆ ಕ್ಲಿಪ್ಪು ಚಟಕ್ ಅನ್ನುತ್ತದೆ. ಕಾರು ಸ್ವಲ್ಪ ಬಿಸಿಲು ಕಂಡ ಮೇಲೆ ಬಿಚ್ಚು. ಮುರಿದ ಕ್ಲಿಪ್ಪು ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಗುತ್ತದೆ, ಮುರಿದ ಪಿಲ್ಲರ್ ಪ್ಲಾಸ್ಟಿಕ್ ಸಿಗಬೇಕಾದರೆ ಗುಜರಿ ಅಲೆಯಬೇಕು. ಒಂದು ರಟ್ಟಿನ ಮೇಲೆ ಕಾರಿನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲಿಗೇ ಚುಚ್ಚಿಡು. ಸೀಟ್ ಬೆಲ್ಟಿನ ಮೇಲಿನ ಬೋಲ್ಟು ಬಿಚ್ಚಲೇಬೇಕಾಗಿ ಬಂದರೆ ಅದನ್ನು ತಿರುಗಿ ಹಾಕುವಾಗ ಒಬ್ಬ ಮೆಕ್ಯಾನಿಕ್ಕಿನಿಂದ ಸರಿಯಾದ ಬಿಗಿತಕ್ಕೆ ಹಾಕಿಸು.

ಬೋರ್ಡನ್ನು ಹೊರಗೆ ತೆಗೆಯುವಾಗ ಮಾತ್ರ ಉಸಿರು ಬಿಗಿಹಿಡಿದು ಕೆಲಸ ಮಾಡು. ಮುಂದಿನ ಸೀಟುಗಳನ್ನು ಪೂರ್ತಿ ಹಿಂದಕ್ಕೆ ಮಲಗಿಸಬೇಕು. ಡಿಕ್ಕಿಯ ಬಾಗಿಲು ಮೇಲಕ್ಕೆ ತೆರೆಯುವ ಕಾರಾದರೆ ಹಿಂದಿನಿಂದ ಸಲೀಸಾಗಿ ಬರುತ್ತದೆ. ನಿಮ್ಮದು ಸೆಡಾನ್, ಎಡಗಡೆ ಮುಂದಿನ ಬಾಗಿಲಿಂದ ಓರೆಯಾಗಿ, ಒಂದು ಮೂಲೆ ಮೊದಲು, ಇಬ್ಬರು ಹಿಡಿದು ತರಬೇಕು. ಬಾರದಿದ್ದರೆ ಬಗ್ಗಿಸಬೇಡ, ತಿರುಗಿಸಿ ನೋಡು. ಒಮ್ಮೆ ಮಡಿಕೆ ಬಿದ್ದ ಬೋರ್ಡಿನಲ್ಲಿ ಆ ಗೆರೆ ಎಂಥ ಬಟ್ಟೆ ಹಾಕಿದರೂ ಕಾಣುತ್ತದೆ.

ಬೋರ್ಡು ಹೊರಗೆ ಬಂದಾಗ ಬರಿ ತಗಡು ಕಾಣುತ್ತದೆ. ಇನ್ನೊಂದು ಹದಿನೈದು ವರ್ಷ ಅದನ್ನು ಯಾರೂ ನೋಡುವುದಿಲ್ಲ, ಆದ್ದರಿಂದ ಟಾರ್ಚ್ ಹಿಡಿದು ಒಂದು ಗಳಿಗೆ ನೋಡು. ತುಕ್ಕು ಇದೆಯಾ, ಆಂಟೆನಾ ಕೂತ ಜಾಗದಲ್ಲಿ ನೀರಿಳಿದ ಗೆರೆ ಇದೆಯಾ, ಮೇಲಿನ ಉದ್ದನೆಯ ಚಾನೆಲ್ಲಿನ ಸೀಲು ಬಿರಿದಿದೆಯಾ. ಹಳೇ ಬಟ್ಟೆಯ ಮೇಲೆ ಕಂದು ಅಂಚಿನ ಕಲೆ ಇದ್ದರೆ ಅದು ನೀರಿನದು, ನೇರ ಅದರ ಮೇಲೆ ಹುಡುಕು. ಸನ್‌ರೂಫ್ ಇರುವ ಕಾರಾದರೆ ಅದರ ನಾಲ್ಕು ಮೂಲೆಯ ನೀರಿನ ಪೈಪುಗಳಲ್ಲಿ ಎಲೆ ಕೊಳೆತು ಕಟ್ಟಿಕೊಂಡಿರುತ್ತದೆ. ಮಲೆನಾಡಿನ ಕಾರುಗಳ ರೂಫ್ ಬೀಳುವುದು ಬಿಸಿಲಿಗಿಂತ ಹೆಚ್ಚಾಗಿ ಹೀಗೆ ನೀರಿಳಿಯುವುದರಿಂದ. ಒಂದು ಬಕೆಟ್ ನೀರು ಸುರಿದು ನೋಡು. ಸೋರುವುದನ್ನು ನಿಲ್ಲಿಸದೆ ಹೊಸ ಬಟ್ಟೆ ಹಾಕಿದರೆ ಮೊದಲ ಮಳೆಗೇ ಹೊಸ ಕಲೆ.

ಇನ್ನು ಉಜ್ಜುವುದು. ಇಲ್ಲಿ ನಿಧಾನವಾಗಿ ಓದು.

ಹಳೇ ಬಟ್ಟೆಯನ್ನು ಒಂದು ತುದಿಯಿಂದ ಎಳೆದರೆ ಪೂರ್ತಿ ಸರ್ರನೆ ಬಂದುಬಿಡುತ್ತದೆ. ಆಗ ಮನಸ್ಸಿಗೆ ಕೆಲಸ ಅರ್ಧ ಮುಗಿದಂತೆ ಅನ್ನಿಸುತ್ತದೆ, ಬೋರ್ಡೂ ದೂರದಿಂದ ಚೊಕ್ಕವಾಗಿಯೇ ಕಾಣುತ್ತದೆ. ಹತ್ತಿರ ಹೋಗಿ ಬೆರಳಾಡಿಸು. ಕಿತ್ತಳೆಗೂ ಕಂದಿಗೂ ನಡುವಿನ ಬಣ್ಣದ ಪುಡಿ ಬೆರಳಿಗೆ ಹತ್ತುತ್ತದೆ, ಸ್ವಲ್ಪ ಅಂಟು. ಇನ್ನೂ ಒತ್ತಿ ಉಜ್ಜಿದರೆ ಆ ಪುಡಿ ಸಣ್ಣ ಸಣ್ಣ ಸುರುಳಿಯಾಗಿ ಉರುಳುತ್ತದೆ. ಅದರ ಕೆಳಗೆ ಹಳೇ ಗಮ್ಮಿನ ಹಳದಿ ಪೊರೆ, ಅದರ ಕೆಳಗೆ ಬೋರ್ಡಿನ ನಿಜವಾದ ಮೈ, ಒರಟು ನಾರು. ಹೊಸ ಗಮ್ಮು ಹಿಡಿಯಬೇಕಾದದ್ದು ಆ ಮೈಯನ್ನು. ನಡುವೆ ಪುಡಿ ಇರುವ ತನಕ ಅದು ಪುಡಿಯನ್ನೇ ಹಿಡಿಯುತ್ತದೆ.

ಬಟ್ಟೆ ಒಗೆಯುವ ನೈಲಾನ್ ಬ್ರಷ್ ಸಾಕು. ತಂತಿ ಬ್ರಷ್ ಮುಟ್ಟಬೇಡ, ಅದು ಬೋರ್ಡಿನ ನಾರನ್ನೇ ಎಬ್ಬಿಸುತ್ತದೆ. ಒರಟು ಉಪ್ಪುಕಾಗದವೂ ಬೇಡ. ನೀರು ಹಾಕಬೇಡ, ಒತ್ತಿದ ನಾರಿನ ಬೋರ್ಡು ನೀರು ಕುಡಿದರೆ ಆಕಾರ ಬಿಡುತ್ತದೆ. ಪೆಟ್ರೋಲ್, ತಿನ್ನರ್ ಬಟ್ಟೆಗೆ ಅದ್ದಿ ಒರೆಸಿದರೆ ಬೇಗ ಆಗುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಆಗುವುದಿಲ್ಲ. ಪುಡಿ ಕರಗಿ ಕೆಸರಾಗಿ ಬೋರ್ಡಿನೊಳಕ್ಕೆ ಇಳಿಯುತ್ತದೆ, ಜೊತೆಗೆ ಬೆಂಕಿಯ ಭಯ. ಬೋರ್ಡನ್ನು ಗೋಡೆಗೆ ಓರೆಯಾಗಿ ನಿಲ್ಲಿಸಿ ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಉಜ್ಜು, ಪುಡಿ ತಾನಾಗಿ ಕೆಳಗೆ ಬೀಳಲಿ. ಸನ್ ವೈಸರ್ ಕೂರುವ ಮುಂದಿನ ಎರಡು ಮೂಲೆ, ಲೈಟಿನ ತೂತಿನ ಸುತ್ತ, ಹ್ಯಾಂಡಲಿನ ಹಳ್ಳಗಳು, ಹಿಂದಿನ ಗಾಜಿನ ಅಂಚು, ಈ ಜಾಗಗಳಲ್ಲಿ ಬ್ರಷ್ ಸರಿಯಾಗಿ ಕೂರುವುದಿಲ್ಲ. ಬಟ್ಟೆ ಮೊದಲು ಬಿಡುವುದೂ ಅಲ್ಲೇ. ಹಳೇ ಹಲ್ಲುಜ್ಜುವ ಬ್ರಷ್ ತಗೊಂಡು ಅಲ್ಲಿಗೆ ಹೋಗು. ಹಳೇ ಗಮ್ಮಿನ ಪೊರೆ ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು ಕಿತ್ತೇ ತೀರುತ್ತೇನೆ ಅಂತ ಹಟ ಹಿಡಿಯಬೇಡ, ಗಟ್ಟಿ ಇರುವುದು ಇರಲಿ. ನಾರು ಎದ್ದು ನಯ ತಪ್ಪಲು ಶುರುವಾದರೆ ಕೈ ನಿಲ್ಲಿಸು.

ಮುಗಿಯಿತು ಅನ್ನಿಸಿದಾಗ ಒಂದು ಕಪ್ಪು ಕಾಟನ್ ಬಟ್ಟೆಯಿಂದ ಒರೆಸು. ಕಿತ್ತಳೆ ಬಣ್ಣ ಹತ್ತಿದರೆ ಮುಗಿದಿಲ್ಲ. ಕತ್ತಲಾದ ಮೇಲೆ ಟಾರ್ಚನ್ನು ಬೋರ್ಡಿನ ಮೈಗೆ ಮಲಗಿಸಿ ಹಿಡಿ: ಅಕ್ಕಿ ಕಾಳಿನಷ್ಟು ಗಂಟಿದ್ದರೂ ಉದ್ದ ನೆರಳು ಬೀಳುತ್ತದೆ. ಆ ನೆರಳೆಲ್ಲ ನಾಳೆ ಹೊಸ ಬಟ್ಟೆಯ ಮೇಲೆ ಗುಳ್ಳೆಯಾಗಿ ಕಾಣುವಂಥವು. ಮೂಲೆ ಮುರಿದಿದ್ದರೆ ಹಿಂಬದಿಯಿಂದ ಒಂದು ತೆಳು ಬಟ್ಟೆಯ ಪಟ್ಟಿ ಅಂಟಿಸಿ ಒಣಗಲು ಬಿಡು, ಮುಂಬದಿಯಿಂದ ಅಲ್ಲ. ಇಷ್ಟಾದ ಮೇಲೆ ಅದೇ ಓರೆ ಬೆಳಕಿನಲ್ಲಿ ಫೋಟೋ ತೆಗೆದು ನನಗೆ ಕಳಿಸು. ಸಂಕೋಚ ಪಡಬೇಡ, ಇನ್ನೊಂದು ಸಲ ಉಜ್ಜು ಅಂದರೆ ಬೇಸರಿಸಲೂ ಬೇಡ.

ಈ ಇಡೀ ಹೊತ್ತು ಮೂಗಿಗೆ ಒಳ್ಳೆಯ ಎನ್-95 ಮಾಸ್ಕ್, ಕಣ್ಣಿಗೆ ಕನ್ನಡಕ, ತುಂಬು ತೋಳಿನ ಅಂಗಿ. ಗಾಜಿನ ನಾರಿನ ಬೋರ್ಡಾದರೆ ಮೈ ಎರಡು ದಿನ ತುರಿಸುತ್ತದೆ. ಪುಡಿ ಗಾಳಿಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ, ಗುಡಿಸಿದರೆ ಮತ್ತೆ ಏಳುತ್ತದೆ; ವ್ಯಾಕ್ಯೂಮ್ ಇದ್ದರೆ ಅದರಲ್ಲಿ ಎಳೆದುಬಿಡು.

ಇಲ್ಲಿ ನನ್ನ ಮನಸ್ಸಿನ ಒಂದು ಮಾತು ಹೇಳಲೇಬೇಕು. ಕುಷನ್ ಅಂಗಡಿಗಳಲ್ಲಿ ಈ ಉಜ್ಜುವ ಕೆಲಸ ಹೊಸದಾಗಿ ಸೇರಿದ ಹುಡುಗನ ಪಾಲಿಗೆ ಬರುತ್ತದೆ. ಹಿಂದಿನ ಕೋಣೆಯಲ್ಲಿ, ಕಿಟಕಿ ಇಲ್ಲದ ಜಾಗದಲ್ಲಿ, ಕರ್ಚೀಫು ಕಟ್ಟಿಕೊಂಡು ಉಜ್ಜುತ್ತಾನೆ, ಅದೇ ಕೋಣೆಯಲ್ಲಿ ಸಲ್ಯೂಷನ್, ಅಂದರೆ ರಬ್ಬರಿನ ಗಮ್ಮು, ಬಳಿಯುತ್ತಾನೆ. ಸಲ್ಯೂಷನ್ನಿನಲ್ಲಿ ಟಾಲ್ಯೀನ್ ಥರದ ದ್ರಾವಕ ಇರುತ್ತದೆ. ಅದರ ಹಬೆ ಒಂದು ದಿನಕ್ಕೆ ತಲೆನೋವು, ತಲೆಸುತ್ತು; ವರ್ಷಗಟ್ಟಲೆ ಕುಡಿದರೆ ನರಗಳಿಗೇ ಪೆಟ್ಟು. ಗ್ರಾಹಕರು ಬಟ್ಟೆಯ ಬೆಲೆ ಕೇಳುತ್ತಾರೆ, ಚೌಕಾಸಿ ಮಾಡಿ ಮಾಡಿ ಕೂಲಿಯಲ್ಲಿ ಇಳಿಸುತ್ತಾರೆ. ಇಳಿಸಿದ ದುಡ್ಡು ಎಲ್ಲಿಂದ ಹೋಗಬೇಕು? ಆ ಹುಡುಗ ಉಜ್ಜುವ ಹೊತ್ತಿನಿಂದ. ನೀನು ಅಂಗಡಿಗೇ ಕೊಡುವುದಾದರೆ ಕೂಲಿಯಲ್ಲಿ ಚೌಕಾಸಿ ಮಾಡಬೇಡ. ಮೂರು ಮಾತು ಮಾತ್ರ ಕೇಳು: ಬೋರ್ಡು ಹೊರಗೆ ತೆಗೆದೇ ಮಾಡುತ್ತೀರಾ, ಹಳೇ ಫೋಮ್ ಪೂರ್ತಿ ತೆಗೆಯುತ್ತೀರಾ, ಗಮ್ ಹೊಡೆಯುವ ಮೊದಲು ನನಗೆ ಬೋರ್ಡು ತೋರಿಸುತ್ತೀರಾ. ಸಂಜೆಯೊಳಗೆ ಕೊಡುತ್ತೇವೆ ಅಂದರೆ ಅಲ್ಲಿ ಬಿಡಬೇಡ. ಆ ಹುಡುಗನಿಗೆ ಒಂದು ಡಬ್ಬ ಮಾಸ್ಕ್ ತಗೊಂಡು ಹೋಗಿ ಕೊಡು.

ಬಟ್ಟೆಯ ವಿಷಯ ಬೇಗ ಮುಗಿಸುತ್ತೇನೆ. ರೂಫ್ ಲೈನಿಂಗಿಗೆಂದೇ ಬರುವ, ಹಿಂದೆ ಫೋಮ್ ಇರುವ ಬಟ್ಟೆಯನ್ನೇ ಕೇಳು. ಫೋಮ್ ಇಲ್ಲದ ಬಟ್ಟೆ ಅಗ್ಗ, ಆದರೆ ಬೋರ್ಡಿನ ಪ್ರತಿ ಒರಟೂ ಅದರಲ್ಲಿ ಕಾಣುತ್ತದೆ, ಗಮ್ಮೂ ಒಸರುತ್ತದೆ. ಸೋಫಾ ಬಟ್ಟೆ, ಕರ್ಟನ್ ಬಟ್ಟೆ ಚೆಂದ ಇದೆ ಅಂತ ಮನಸ್ಸು ಹೋದರೂ ಬೇಡ. ಅವು ಹಿಗ್ಗುವುದಿಲ್ಲ, ಭಾರ ಬೇರೆ. ಇನ್ನೂ ಮುಖ್ಯವಾದ ಕಾರಣ ಬೆಂಕಿ. ಕಾರಿನ ಒಳಗಿನ ಬಟ್ಟೆ ಎಷ್ಟು ನಿಧಾನವಾಗಿ ಉರಿಯಬೇಕು ಅಂತ ನಿಯಮವೇ ಇದೆ. ಅಮೆರಿಕದಲ್ಲಿ 1972ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಬೆಂಕಿ ನಿಮಿಷಕ್ಕೆ 102 ಮಿಲಿಮೀಟರ್‌ಗಿಂತ ವೇಗವಾಗಿ ಹಬ್ಬುವಂತಿಲ್ಲ. ನಮ್ಮಲ್ಲೂ ಇದಕ್ಕೆ ಐಎಸ್ 15061 ಅನ್ನುವ ಮಾನದಂಡ ಇದೆ. ಮನೆಯ ಪರದೆಯ ಬಟ್ಟೆಯನ್ನು ಯಾರೂ ಈ ಪರೀಕ್ಷೆಗೆ ಒಡ್ಡಿರುವುದಿಲ್ಲ. ಅಳತೆ ಬೋರ್ಡಿನದು ತಗೋ, ಹಳೇ ಬಟ್ಟೆಯದಲ್ಲ. ಪ್ರತಿ ಬದಿಗೆ ಒಂದು ಗೇಣು ಹೆಚ್ಚಿಗೆ ಇರಲಿ. ಬಣ್ಣ ಮೂಲದ್ದಕ್ಕೆ ಹತ್ತಿರ ಇರಲಿ; ಕಪ್ಪು ಹಾಕಿಸಿದರೆ ಒಳಗೆ ಕತ್ತಲು ಮತ್ತು ಧಗೆ. ತುಂಡನ್ನು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅಲ್ಲ, ರಸ್ತೆಗೆ ತಂದು ಹಗಲು ಬೆಳಕಿನಲ್ಲಿ ನೋಡು.

ಗಮ್ಮಿಗೆ ಬರೋಣ. ಮರಗೆಲಸದ ಬಿಳೀ ಗಮ್ಮು ಇಲ್ಲಿ ಕೆಲಸಕ್ಕೆ ಬಾರದು. ಸಿಂಥೆಟಿಕ್ ರಬ್ಬರಿನ ಗಮ್ಮು, ನಾವು ಸಲ್ಯೂಷನ್ ಅನ್ನುವುದು, ಅದರಲ್ಲೂ ಡಬ್ಬಿಯ ಮೇಲೆ ಶಾಖ ತಡೆಯುತ್ತದೆ ಅಂತ ಸ್ಪಷ್ಟವಾಗಿ ಬರೆದಿರುವುದು ಬೇಕು. ಕಾಗದ, ಥರ್ಮೋಕೋಲ್ ಅಂಟಿಸುವ ಸ್ಪ್ರೇ ಡಬ್ಬಿ ಡಿಸೆಂಬರಿನಲ್ಲಿ ಹಿಡಿಯುತ್ತದೆ, ಏಪ್ರಿಲ್‌ನಲ್ಲಿ ಕರಗಿ ಬಿಡುತ್ತದೆ. ಬ್ರಷ್‌ನಲ್ಲಿ ಬಳಿದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ದಪ್ಪವಾದ ಕಡೆ ಫೋಮನ್ನು ತಿಂದು ಬಟ್ಟೆಯ ಮೇಲೆ ಕಲೆ ಮೂಡುತ್ತದೆ. ಸ್ಪ್ರೇ ಗನ್ ಬಾಡಿಗೆಗೆ ಸಿಕ್ಕರೆ ತಗೋ, ಇಲ್ಲದಿದ್ದರೆ ರೂಫಿಗೆಂದೇ ಬರುವ ಸ್ಪ್ರೇ ತಗೋ. ಬೋರ್ಡಿಗೂ ಫೋಮಿಗೂ ಎರಡಕ್ಕೂ ಹೊಡೆಯಬೇಕು, ಒಮ್ಮೆ ಅಡ್ಡ, ಒಮ್ಮೆ ಉದ್ದ, ತೆಳುವಾಗಿ. ಆಮೇಲೆ ಕಾಯಬೇಕು. ಬೆರಳು ಮುಟ್ಟಿಸಿದರೆ ಅಂಟು ಅನ್ನಿಸಬೇಕು, ಆದರೆ ಎಳೆ ಎದ್ದು ಬರಬಾರದು. ಅದೇ ಹದ. ಗಡಿಯಾರ ನೋಡಬೇಡ, ಬೆರಳನ್ನು ನಂಬು.

ಈ ಕೆಲಸವನ್ನು ಬಯಲಲ್ಲಿ, ನೆರಳಲ್ಲಿ, ಗಾಳಿ ಆಡುವ ಕಡೆ ಮಾಡು. ನೆಲಮಾಳಿಗೆ ಬೇಡ ಅಂದದ್ದು ಇದಕ್ಕೇ: ಗಮ್ಮಿನ ಹಬೆ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಂಡು ನಿಲ್ಲುತ್ತದೆ, ಒಂದು ಸ್ವಿಚ್ಚಿನ ಕಿಡಿ ಸಾಕು. ಹತ್ತಿರದಲ್ಲಿ ಬೀಡಿ ಸಿಗರೇಟು ಇರಬಾರದು, ದೇವರ ದೀಪವೂ ಇರಬಾರದು. ಮಳೆಗಾಲದಲ್ಲಂತೂ ಮಾಡಲೇಬೇಡ. ದ್ರಾವಕ ಆರುವಾಗ ಗಮ್ಮಿನ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬೆಳ್ಳಗೆ ಪೊರೆ ಕಟ್ಟುತ್ತದೆ, ಅದು ಹಿಡಿಯುವುದಿಲ್ಲ. ಬೆಂಗಳೂರಿನಲ್ಲಿ ಫೆಬ್ರವರಿಯ ಬೆಳಗು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಬಟ್ಟೆ ಹಾಸುವಾಗ ಮೊದಲು ಗಮ್ ಇಲ್ಲದೆ ಪೂರ್ತಿ ಹಾಸಿ ನೋಡು. ಹೆಣಿಗೆ ಬಟ್ಟೆ ಒಂದು ದಿಕ್ಕಿಗೆ ಹೆಚ್ಚು ಹಿಗ್ಗುತ್ತದೆ. ಆಳವಾದ ಬಾಗು ಯಾವ ಕಡೆಗಿದೆಯೋ ಆ ಕಡೆಗೆ ಆ ಹಿಗ್ಗು ಬರಲಿ. ನಡುವಿಗೆ ಸರಿಯಾಗಿ ಕೂರಿಸಿ, ಅರ್ಧವನ್ನು ಹಿಂದಕ್ಕೆ ಮಡಚು. ಆ ಅರ್ಧಕ್ಕೆ ಮಾತ್ರ ಗಮ್ ಹೊಡೆ, ಹದ ಬಂದ ಮೇಲೆ ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತಾ ಬಾ. ಜೊತೆಗಿರುವವರು ಬಟ್ಟೆಯನ್ನು ಮೇಲೆತ್ತಿ ಹಿಡಿದಿರಬೇಕು, ಎಳೆಯಬಾರದು. ಬಹಳ ಜನ ಕೆಡಿಸುವುದು ಹಳ್ಳಗಳಲ್ಲಿ. ಹಳ್ಳದ ಎರಡು ದಡಕ್ಕೆ ಬಟ್ಟೆ ಮೊದಲು ಅಂಟಿಬಿಟ್ಟರೆ ನಡುವೆ ಅದು ಬಿಗಿದು ನಿಲ್ಲುತ್ತದೆ. ಆಮೇಲೆ ಬೆರಳಿನಿಂದ ಒತ್ತಿ ಒಳಗೆ ಕೂರಿಸಿದರೂ ಆ ಬಿಗಿತ ಒಳಗೇ ಉಳಿದು, ಮುಂದಿನ ಬೇಸಿಗೆಯಲ್ಲಿ ಅಲ್ಲೇ ಮೊದಲು ಏಳುತ್ತದೆ. ಅಂಗೈ ಹಳ್ಳದ ತಳಕ್ಕೆ ಮೊದಲು ಹೋಗಲಿ, ದಡಕ್ಕೆ ಆಮೇಲೆ. ಜೋರಾಗಿ ಒತ್ತಬೇಡ, ಫೋಮ್ ಚಪ್ಪಟೆಯಾದ ಜಾಗ ಬೆರಳಚ್ಚಿನಂತೆ ಉಳಿಯುತ್ತದೆ. ಮೊದಲ ಅರ್ಧ ಮುಗಿದ ಮೇಲೆ ಎರಡನೆಯದು.

ಒಂದು ರಾತ್ರಿ ಬಿಡು. ಮಾರನೇ ದಿನ ಅಂಚಿನಲ್ಲಿ ಎರಡು ಬೆರಳು ಬಿಟ್ಟು ಕತ್ತರಿಸಿ ಹಿಂದಕ್ಕೆ ಮಡಚಿ ಅಂಟಿಸು. ಲೈಟು, ಹ್ಯಾಂಡಲಿನ ತೂತುಗಳನ್ನು ಗುಂಡಗೆ ಕತ್ತರಿಸಬೇಡ, ಬ್ಲೇಡಿನಿಂದ ಅಡ್ಡ ಉದ್ದ ಎರಡು ಗೀರು ಹಾಕಿ ತುಂಡುಗಳನ್ನು ಒಳಕ್ಕೆ ತಳ್ಳು. ಚಿಕ್ಕದಾದ ತೂತನ್ನು ದೊಡ್ಡದು ಮಾಡಬಹುದು. ಕೂರಿಸುವಾಗ ಬಿಚ್ಚಿದ ಕ್ರಮವನ್ನೇ ಹಿಂದುಮುಂದು ಮಾಡು. ಬೋರ್ಡನ್ನು ಒಳಕ್ಕೆ ಒಯ್ಯುವ ಮೊದಲು ಇಬ್ಬರೂ ಕೈ ತೊಳೆದುಕೊಳ್ಳಿ, ಗಮ್ಮಿನ ಕೈಯಿಂದ ಮುಟ್ಟಿದ ಗುರುತು ಹೋಗುವುದಿಲ್ಲ. ಬೀಡಿಂಗ್ ಬೋರ್ಡಿನ ಅಂಚಿನ ಮೇಲೆ ಸುತ್ತಲೂ ಕೂತಿದೆಯಾ ಬೆರಳಾಡಿಸಿ ನೋಡು, ಬ್ಯಾಟರಿ ತಂತಿಯನ್ನು ಎಲ್ಲಕ್ಕಿಂತ ಕೊನೆಗೆ ಹಾಕು.

ಮೂರು ನಾಲ್ಕು ದಿನ ಒಳಗೆ ವಾಸನೆ ಇರುತ್ತದೆ. ಗಾಜು ಇಳಿಸಿಕೊಂಡು ಓಡಿಸು, ಅಷ್ಟು ದಿನ ಮಗುವನ್ನು ಕೂರಿಸಿಕೊಳ್ಳಬೇಡ. ಆಮೇಲೆ ನೆರಳು ಸಿಕ್ಕ ಕಡೆ ನಿಲ್ಲಿಸುವ ಅಭ್ಯಾಸ ಮಾಡಿಕೋ, ಸಿಗದಿದ್ದರೆ ಮುಂದಿನ ಗಾಜಿಗೆ ಒಳಗಿನಿಂದ ಬೆಳ್ಳಿ ಬಣ್ಣದ ಪರದೆ ಹಾಕಿ ಕಿಟಕಿಯನ್ನು ಅರ್ಧ ಬೆರಳು ಇಳಿಸಿಡು. ರೂಫಿನಲ್ಲಿ ಧೂಳು ಕೂತರೆ ಒಣ ಬಟ್ಟೆಯಿಂದ ತಟ್ಟಿ ತೆಗೆ, ಸೋಪು ನೀರು ಹಾಕಿ ನೆನೆಸಬೇಡ. ಪಿಲ್ಲರಿನ ಮೇಲಿನ ಬಟ್ಟೆಯೂ ಬಿಡುತ್ತಿದೆ ಅಂದಿದ್ದೆಯಲ್ಲ, ಉಳಿದ ತುಂಡು ಅದಕ್ಕೆ ಸಾಕಾಗುತ್ತದೆ. ಆದರೆ ಅಲ್ಲಿ ಬಾಗು ಹೆಚ್ಚು, ಕೈ ಇನ್ನೂ ಪಳಗಬೇಕು. ಅದನ್ನು ಈ ಎರಡು ದಿನದಲ್ಲೇ ಸೇರಿಸಿಕೊಳ್ಳಬೇಡ, ಮುಂದಿನ ತಿಂಗಳಿಗಿಡು.

ನಿನ್ನ ದೊಡ್ಡಪ್ಪ